ಕಾಕಾನ ಬಲಗಾಲು

ಒಬ್ಬ ಮನುಷ್ಯನ ಬಲಗಾಲನ್ನು ನಾಲ್ಕುನೂರು ಲಾರಿಗಳಿಗೆ ಹಚ್ಚಿದರೆ ಏನಾಗುತ್ತದೆ? ಹುಚ್ಚು ಪ್ರಶ್ನೆ ಅನ್ನಬೇಡಿ, ಹಚ್ಚಿದ್ದಾರೆ. ಆ ಕಾಲಿನ ಒಡೆಯ ಲಗಮಪ್ಪ ಇನ್ನೂ ಬದುಕಿದ್ದಾನೆ, ಬೆಳಗಾವಿ ಪಕ್ಕದ ಕಾಕತಿಯಲ್ಲಿ, ಹೆದ್ದಾರಿಗೆ ಬೆನ್ನು ಮಾಡಿಕೊಂಡಿರುವ ಮೂರು ಕೋಣೆಯ ಮನೆಯಲ್ಲಿ. ಅವನ ಕಾಲಿಗೇನೂ ಆಗಿಲ್ಲ. ಆಗಬೇಕಾದದ್ದೆಲ್ಲ ಬೇರೆಯವರಿಗೆ ಆಯಿತು.

ಡೀಸೆಲ್ ಲಾರಿಗಳ ಕಾಲದಲ್ಲಿ ಲಗಮಪ್ಪ ಮೂವತ್ತನಾಲ್ಕು ವರ್ಷ ಸ್ಟೇರಿಂಗ್ ಹಿಡಿದವನು. ಅದೇ ಲಾರಿ, ಅದೇ ಲೋಡು, ಅದೇ ಘಾಟು; ಬೇರೆಯವರು ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿಸಿದರೆ ಇವನು ಐದು ಓಡಿಸುತ್ತಿದ್ದ. 'ಲಗಮಪ್ಪ ಕಾಲಿಟ್ರ ಲಾರಿ ಗಾಳಿ ಕುಡದು ಓಡತೈತಿ' ಎಂದು ಡ್ರೈವರ್‌ಗಳು ಚಾಷ್ಟಿ ಮಾಡುತ್ತಿದ್ದರು. ಕೃಷ್ಣಾತೀರ ಸಾಗಣೆ ಕಂಪನಿಯವರು ವರ್ಷಕ್ಕೊಂದರಂತೆ ಹನ್ನೊಂದು ಶಾಲು ಹೊದಿಸಿದರು. ಅವು ಇವತ್ತಿಗೂ ಟ್ರಂಕಿನಲ್ಲಿವೆ. ಒಂದನ್ನೂ ಅವನು ಹೊದ್ದಿಲ್ಲ, ನುಸಿಗುಳಿಗೆ ಇಟ್ಟು ಕಾದಿದ್ದಾನೆ.

ಕಾಲ ಬದಲಾಯಿತು. ಕಂಪನಿ ಡೀಸೆಲ್ ಬಿಟ್ಟು ವಿದ್ಯುತ್ ಲಾರಿ ತಂದಿತು. ಡೀಸೆಲ್ ಮುಗಿದರೆ ಕ್ಯಾನು ಹಿಡಿದು ಓಡಬಹುದು; ಬ್ಯಾಟರಿ ಮುಗಿದರೆ ಏನು ಹಿಡಿದು ಓಡುತ್ತೀರಿ? ಇದ್ದ ಚಾರ್ಜಿನಲ್ಲಿ ಹೆಚ್ಚು ದೂರ ಹೋಗುವ ವಿದ್ಯೆ ಬೇಕಾಯಿತು. ಆ ವಿದ್ಯೆ ಇದ್ದದ್ದು ಲಗಮಪ್ಪನ ಪಾದದಲ್ಲಿ. ಪಾದ ಇನ್ನು ನಾಲ್ಕು ವರ್ಷದಲ್ಲಿ ನಿವೃತ್ತಿಯಾಗುವುದಿತ್ತು.

ಅದಕ್ಕೇ ಕಂಪನಿ ಧಾರವಾಡದ ವಾರಿಜಾ ಎಂಬ ಎಂಜಿನಿಯರ್ ಹುಡುಗಿಯನ್ನು ಕಳಿಸಿತು. ಅವಳು ಒಂದು ಕಾಲುಚೀಲ ತಂದಿದ್ದಳು, ಒಳಗೆಲ್ಲ ಕೂದಲಿನಷ್ಟು ಸಣ್ಣ ತಂತಿ. ಅದನ್ನು ಹಾಕಿಕೊಂಡು ಲಗಮಪ್ಪ ಹದಿನಾಲ್ಕು ತಿಂಗಳು ಚೋರ್ಲಾ ಘಾಟಿನಲ್ಲಿ ತನ್ನ ಹಳೆಯ ಡೀಸೆಲ್ ಲಾರಿಯನ್ನೇ ಓಡಿಸಿದ. ಪಾದ ಎಲ್ಲಿ ಒತ್ತಿತು, ಎಲ್ಲಿ ಎತ್ತಿತು, ಆಗ ಗಾಲಿ ಎಷ್ಟು ತಿರುಗಿತು, ಎಲ್ಲ ಅವಳ ಲ್ಯಾಪ್‌ಟಾಪಿಗೆ ಹೋಯಿತು. ಯಂತ್ರ ಆ ಅಂಕಿಗಳನ್ನು ತಿಂದು ತಿಂದು ಕಡೆಗೆ ಲಗಮಪ್ಪನ ಹಾಗೆಯೇ ಓಡಿಸುವುದನ್ನು ಕಲಿಯಿತು. ವಿದ್ಯುತ್ ಲಾರಿಯಲ್ಲೂ ಡ್ರೈವರ್ ಇರುತ್ತಾನೆ, ಸ್ಟೇರಿಂಗ್ ಹಿಡಿಯುತ್ತಾನೆ, ಬ್ರೇಕ್ ಒತ್ತುತ್ತಾನೆ. ಆದರೆ ಎಷ್ಟು ಬಲ ಎಂಬ ಲೆಕ್ಕ ಮಾತ್ರ ಆ ಕಲಿತ ಪಾದದ್ದು. ಕಂಪನಿ ಅದಕ್ಕೆ 'ಮಿತ' ಎಂದು ಹೆಸರಿಟ್ಟಿತು. ಡ್ರೈವರ್‌ಗಳು 'ಕಾಕಾ ಮೋಡ್' ಅಂದರು, ಯಾಕೆಂದರೆ ಲಗಮಪ್ಪ ಎಲ್ಲರಿಗೂ ಕಾಕಾ. ಈ ಹೆಸರು ಕೇಳಿದ ದಿನ ಅವನು ಮನೆಗೆ ಕುಂದಾ ತಂದಿದ್ದ.

ಒಂದು ಸುಳ್ಳು ಮಾತ್ರ ನಡುವೆ ಉಳಿದುಹೋಯಿತು.

ಒಂದು ದಿನ ಚೋರ್ಲಾ ಇಳಿಜಾರಿನ ಕಡೆಯ ತಿರುವಿನಲ್ಲಿ, ಹಿಂದಿನ ಮಲಗುವ ಸೀಟಿನಲ್ಲಿ ಕೂತಿದ್ದ ವಾರಿಜಾ ತಲೆ ಎತ್ತಿ ಕೇಳಿದಳು. "ಕಾಕಾ, ಈಗ ನಿಮ್ಮ ಪಾದ ಪೂರ್ತಿ ಮ್ಯಾಲ ಅದ. ಆದ್ರೂ ಲಾರಿ ಜಗ್ಗಲಿಲ್ಲ, ಬೆಣ್ಣಿಗತೆ ಹೊಂಟದ. ನ್ಯೂಟ್ರಲ್ ಏನರೆ ಮಾಡೀರೇನು?"

ಲಗಮಪ್ಪನ ಎಡಗೈ ಗೇರ್ ಕಡ್ಡಿಯನ್ನು ಮುಚ್ಚಿಕೊಂಡಿತ್ತು. ಕಡ್ಡಿ ನ್ಯೂಟ್ರಲ್‌ನಲ್ಲೇ ಇತ್ತು. ಆ ಹಳೆಯ ಲಾರಿಯ ಗೇರಿಗೆ ತಂತಿ ಹಚ್ಚಿರಲಿಲ್ಲ.

"ಛೇ ಛೇ, ಇಲ್ರಿ ಬಾಯಾರ. ಗೇರ್‌ನ್ಯಾಗ ಐತ್ರಿ. ಅದು ಪಾದದ ಹದಾ."

ಇಳಿಜಾರಿನಲ್ಲಿ ಗೇರ್ ತೆಗೆದು, ಲಾರಿಯನ್ನು ಅದರ ಭಾರಕ್ಕೇ ಉರುಳಲು ಬಿಡುವುದು ಘಾಟಿನ ಡ್ರೈವರ್‌ಗಳೆಲ್ಲ ಬಲ್ಲ, ಯಾರೂ ಒಪ್ಪಿಕೊಳ್ಳದ ವಿದ್ಯೆ. ಎರಡು ಮೂರು ಕಿಲೋಮೀಟರ್ ಪುಕ್ಕಟೆ ಸಿಗುತ್ತದೆ. ಲಾರಿ ಕೈ ತಪ್ಪಿದರೆ ಜೀವ ಹೋಗುತ್ತದೆ. ಕಂಪನಿಯಲ್ಲಿ ನ್ಯೂಟ್ರಲ್ ಮಾಡಿ ಸಿಕ್ಕವನಿಗೆ ಅವತ್ತೇ ಮನೆದಾರಿ. ಲಗಮಪ್ಪನ ಹನ್ನೊಂದು ಶಾಲುಗಳ ಒಳಗುಟ್ಟು ಇದೇ. ಹಾಗಂತ ಅವನು ಮೂರ್ಖನಲ್ಲ. ಕಡೆಯ ತಿರುವಿನಲ್ಲಿ ಮಾತ್ರ ಬಿಡುತ್ತಿದ್ದ. ಬಿಡುವ ಮೊದಲು ಗಾಜು ಇಳಿಸಿ ಎದುರಿನ ಗಾಡಿಯ ಸದ್ದು ಕೇಳುತ್ತಿದ್ದ, ರಸ್ತೆ ಒಣಗಿದೆಯೇ ನೋಡುತ್ತಿದ್ದ, ಬ್ರೇಕನ್ನು ಎರಡು ಸಲ ಮುಟ್ಟಿ ಪರೀಕ್ಷಿಸುತ್ತಿದ್ದ. ಮಳೆಗಾಲದಲ್ಲಿ ಒಂದು ದಿನವೂ ಬಿಟ್ಟವನಲ್ಲ. ಆ ದಿನಗಳಲ್ಲಿ ಅವನ ಮೈಲೇಜು ಎಲ್ಲರ ಹಾಗೇ ಇರುತ್ತಿತ್ತು, ಯಂತ್ರ ಅದನ್ನು ಕಳಪೆ ದಿನವೆಂದು ಬದಿಗಿಟ್ಟಿತು. ಕಾಲುಚೀಲ ಕಾಲನ್ನು ತಗೊಂಡಿತು, ಕಣ್ಣು ಕಿವಿ ಬಿಟ್ಟಿತು.

ಇಷ್ಟು ವರ್ಷ ಆ ಸುಳ್ಳಿನಿಂದ ಯಾರಿಗೂ ತೊಂದರೆಯಾಗಲಿಲ್ಲ. ಚೋರ್ಲಾ, ಆಂಬೋಲಿ, ಎಲ್ಲ ಕಡೆ ವಿದ್ಯುತ್ ಲಾರಿಗಳು ಕಡೆಯ ತಿರುವಿನಲ್ಲಿ ಮೋಟಾರಿನ ಹಿಡಿತ ಬಿಟ್ಟು ಹಾಯಾಗಿ ಉರುಳಿದವು. ಆಮೇಲೆ ಕಂಪನಿಗೆ ಉತ್ತರದ ಗುತ್ತಿಗೆ ಸಿಕ್ಕಿತು.

ಲಡಾಖಿನ ಆಚೆ ಬದಿಯಲ್ಲಿ ತಾರ್ಸಿಂಗ್ ಲಾ ಎಂಬ ಕಣಿವೆದಾರಿ. ಮೊದಲೆಲ್ಲ ಚಳಿಗಾಲ ಬಂತೆಂದರೆ ಅದು ಆರು ತಿಂಗಳು ಮುಚ್ಚುತ್ತಿತ್ತು. ಈಗ ಮಂಜು ಸರಿಸುವ ಯಂತ್ರಗಳು ಬಂದಿವೆ. ಆಚೆಯ ಹಳ್ಳಿಗಳಿಗೆ ಜನವರಿಯಲ್ಲೂ ತರಕಾರಿ, ಔಷಧಿ, ಸಿಲಿಂಡರ್ ಹೋಗಬೇಕು. ಹೊಗೆ ಬಿಡುವ ಗಾಡಿಗೆ ಅಲ್ಲಿ ಅಪ್ಪಣೆಯಿಲ್ಲ. ಹೀಗಾಗಿ ಬೆಳಗಾವಿಯ ಲಾರಿಗಳು, ಬೆಳಗಾವಿಯ ಡ್ರೈವರ್‌ಗಳು, ಬೆಳಗಾವಿಯ ಬಿಸಿಲಿನಲ್ಲಿ ಕಲಿತ ಒಂದು ಪಾದ, ಮೂರೂ ಹಿಮಕ್ಕೆ ಹೋದವು.

ಈ ಲಾರಿಗಳಿಗೆ ಮುಂದೊಂದು ಮೋಟಾರು, ಹಿಂದೆ ಎರಡು. ಮೂರೂ ಕೂಡಿ ಎಲ್ಲ ಗಾಲಿಗಳನ್ನು ಹಿಡಿದರೆ ಲಾರಿ ಮಂಜಿನ ಮೇಲೂ ಉಡದ ಹಾಗೆ ಕಚ್ಚಿಕೊಂಡು ಇಳಿಯುತ್ತದೆ. ಡ್ರೈವರ್‌ಗಳು ಇದಕ್ಕೆ 'ಎಲ್ಲಾಗಾಲಿ' ಅಂದರು. ಆದರೆ ಎಲ್ಲಾಗಾಲಿ ಬ್ಯಾಟರಿ ತಿನ್ನುತ್ತದೆ, ಚಳಿ ಮೊದಲೇ ಕಾಲುಪಾಲು ತಿಂದಿರುತ್ತದೆ. ಮಿತದಲ್ಲಿ ಹಾಗಲ್ಲ, ಮುಂದಿನ ಮೋಟಾರನ್ನು ಬಿಡಿಸಿಟ್ಟು ಹಿಂದಿನವುಗಳಲ್ಲೇ ಹೋಗುತ್ತದೆ. ಇಳಿಜಾರಿನಲ್ಲಿ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ಒಂದಿಷ್ಟು ಮರಳಿಸಬೇಕು, ಆದರೆ ಚಳಿಗೆ ಸೆಟೆದ ಬ್ಯಾಟರಿ ಉಣ್ಣಿಸಿದ್ದನ್ನು ನುಂಗುವುದಿಲ್ಲ. ಆಗ ಯಂತ್ರಕ್ಕೆ ಉಳಿತಾಯದ ದಾರಿ ಒಂದೇ: ಮೋಟಾರುಗಳನ್ನೆಲ್ಲ ಬಿಟ್ಟು ಉರುಳುವುದು. ಕಾಕಾ ಕಲಿಸಿದ್ದು ಅದಕ್ಕೆ ನೆನಪಿತ್ತು.

ಎಲ್ಲಾಗಾಲಿಯ ಗುಂಡಿ ಡ್ರೈವರ್‌ನ ಮುಂದೆಯೇ ಇತ್ತು. ಅದರ ಬೀಗ ಮಾತ್ರ ಬೆಳಗಾವಿಯ ನಿಯಂತ್ರಣ ಕೊಠಡಿಯಲ್ಲಿತ್ತು. ಕೇಳಬೇಕು, ಕೊಟ್ಟರೆ ಒತ್ತಬೇಕು. ಕೊಡುವ ಬಿಡುವ ಕುರ್ಚಿಯಲ್ಲಿ ಕಂಪನಿ ಯಾರನ್ನು ಕೂರಿಸಿತು ಅಂತೀರಿ? ನಿವೃತ್ತಿಯಾದ ಲಗಮಪ್ಪನನ್ನೇ, ಸಲಹೆಗಾರ ಅಂತ ಹೆಸರಿಟ್ಟು, ಕಿವಿಗೊಂದು ಹೆಡ್‌ಫೋನ್ ಹಾಕಿ. ಹಿಮವನ್ನು ಅವನು ಐಸ್‌ಕ್ಯಾಂಡಿಯ ಡಬ್ಬಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವನಲ್ಲ.

ಆ ಜನವರಿ ಉತ್ತರಕ್ಕೆ ಹೊರಟವರಲ್ಲಿ ಬಸಲಿಂಗ ಒಬ್ಬ. ಲಗಮಪ್ಪನ ಸತ್ತ ಅಕ್ಕನ ಮಗ. ಏಳು ವರ್ಷದವನಿದ್ದಾಗಿನಿಂದ ಈ ಮನೆಯಲ್ಲೇ ಬೆಳೆದು, ಮಗಳು ಲಕ್ಕವ್ವನನ್ನೇ ಮದುವೆಯಾಗಿ ಅಳಿಯನೂ ಆದ. ಅವನಿಗೆ ಲಾರಿ ಕಲಿಸಿದ್ದೂ ಲಗಮಪ್ಪನೇ. ಕಲಿಯುವಾಗ ಒಮ್ಮೆ ಆಂಬೋಲಿಯಲ್ಲಿ ಹುಡುಗಬುದ್ಧಿಗೆ ನ್ಯೂಟ್ರಲ್ ಮಾಡಿದ್ದಕ್ಕೆ ಕಪಾಳಕ್ಕೆ ಬಿಗಿದಿದ್ದ. "ಗೇರ್ ಬಿಟ್ಟಾಂವ ತಾಯಿ ಕೈ ಬಿಟ್ಟಂಗ. ಮತ್ತೊಮ್ಮಿ ಮಾಡಿದಿ ಅಂದ್ರ ಕಾಲ ಮುರೀತೀನಿ" ಅಂದಿದ್ದ. ಬಸಲಿಂಗ ಆ ಮಾತನ್ನು ದೇವರ ವಾಕ್ಯದ ಹಾಗೆ ನಡೆಸಿಕೊಂಡು ಬಂದ.

ಹೊರಡುವ ದಿನ ಬೆಳಿಗ್ಗೆ ಲಕ್ಕವ್ವ ಒಲೆಯ ಮುಂದೆ ಕೂತು ಕಟಕ್ ರೊಟ್ಟಿಯನ್ನು ಎಣಿಸಿ ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಜೊತೆಗೆ ನಂಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ.

"ಹೋದ್ ಸಲಾ ಅಲ್ಲಿ ನೀರು ಕಲ್ಲಾತು, ಮಸರು ಕಲ್ಲಾತು, ತತ್ತಿ ಸುದ್ದಾ ಕಲ್ಲಾತು," ಅಂದ ಬಸಲಿಂಗ, ಬೂಟಿನ ದಾರ ಬಿಗಿಯುತ್ತ. "ನಿನ್ನ ರೊಟ್ಟಿಗೆ ಮಾತ್ರ ಏನೂ ಆಗಲಿಲ್ಲ ನೋಡು. ಮೊದಲ ಕಲ್ಲಲ್ಲ ಅದು."

"ಹಂಗಾರ ಬ್ಯಾಡ ಬಿಡ್ರಿ, ಅಲ್ಲಿ ಮಂಜ ತಿನ್ರಿ," ಎಂದು ಲಕ್ಕವ್ವ ಗಂಟನ್ನು ಹಿಂದಕ್ಕೆ ಎಳೆದುಕೊಂಡಳು. ಅವನು ನಗುತ್ತ ಕಸಿದುಕೊಂಡ.

ಲಗಮಪ್ಪ ಅಡುಗೆಮನೆಯ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಬಸಲಿಂಗ ಅವನ ಕಾಲುಮುಟ್ಟಿ ಎದ್ದವನು ಒಳಗೆ ಗೋಡೆಯ ಗೂಡಿನ ಪಕ್ಕ ನಿಂತ.

"ಮಾಮಾ, ಒಂದ ಮಾತ ಕೇಳ್ಲಿ? ಕಾಕಾ ಮೋಡ್‌ನ್ಯಾಗ ಇಳಿಜಾರ ಇಳಿಯುಮುಂದ, ಕಡೀ ತಿರುವು ಬಂದ ಕೂಡ್ಲೆ ಲಾರಿ ಒಮ್ಮಿಂದೊಮ್ಮಿಗೆ ಹಗರಾಗತೈತಿ. ಯಾರೋ ಕೈ ಬಿಟ್ಟಂಗ. ನೀವು ಹಂಗ ಮಾಡ್ತಿದ್ರೇನು?"

ಲಗಮಪ್ಪ ಚಹಾದ ಬಟ್ಟಲನ್ನು ಕೆಳಗಿಟ್ಟ. ಹೇಳಿಬಿಡಬಹುದಿತ್ತು. ಆದರೆ ಆಂಬೋಲಿಯ ಕಪಾಳಮೋಕ್ಷ ನೆನಪಾಯಿತು. ಹೊಡೆದ ಕೈಯಿಂದಲೇ ತಾನು ಗೇರ್ ತೆಗೆಯುತ್ತಿದ್ದೆ ಎಂದು ಈ ಹುಡುಗನ ಮುಖ ನೋಡಿ ಹೇಳುವುದು ಹೇಗೆ? ಅದೂ ಮಗಳ ಎದುರಿಗೆ? ಟ್ರಂಕಿನ ಶಾಲುಗಳ ಗತಿ ಏನು?

"ಅದು ಪಾದದ ಹದಾ," ಅಂದ. "ನಿನಗೀಗ ತಿಳಿಯಂಗಿಲ್ಲ. ಅಂಜಬ್ಯಾಡ, ಹೋಗು."

"ನೀವ್ ಅಂದ್ರ ಸರಿ ಬಿಡ್ರಿ," ಎಂದು ಬಸಲಿಂಗ ಚೀಲ ಹೆಗಲಿಗೇರಿಸಿದ.

ಒಂಬತ್ತನೆಯ ದಿನ, ಬೆಳಿಗ್ಗೆ ಹತ್ತೂವರೆ. ನಿಯಂತ್ರಣ ಕೊಠಡಿಯಲ್ಲಿ ಎಸಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಗೋಡೆಯ ತುಂಬ ಪರದೆ, ಪರದೆಯ ತುಂಬ ಹಸಿರು ಚುಕ್ಕೆ, ಒಂದೊಂದು ಚುಕ್ಕೆ ಒಂದೊಂದು ಲಾರಿ. ವಾರಿಜಾ ಈಗ ಕೊಠಡಿಯ ಮುಖ್ಯಸ್ಥೆ, ಲಗಮಪ್ಪನ ಬಲಕ್ಕೆ ಕೂತಿದ್ದಳು. ಬಸಲಿಂಗನ ಲಾರಿ ತಾರ್ಸಿಂಗ್ ಲಾ ಹತ್ತಿ ಆಚೆ ಬದಿ ಇಳಿಯುತ್ತಿತ್ತು. ಹೊರಗೆ ಮೈನಸ್ ಹತ್ತೊಂಬತ್ತು. ಬ್ಯಾಟರಿ ನೂರಕ್ಕೆ ಇಪ್ಪತ್ತಮೂರು. ಮುಂದಿನ ಚಾರ್ಜಿಂಗ್ ನಿಲ್ದಾಣಕ್ಕೆ ಅರವತ್ತೊಂದು ಕಿಲೋಮೀಟರ್.

"ಮಾಮಾ, ಬಸಲಿಂಗ. ಎಲ್ಲಾಗಾಲಿ ಕೊಡ್ರಿ."

"ಯಾಕೋ? ಮಂಜು ಐತೇನು?"

"ಮಂಜು ಮ್ಯಾಲ ಮುಗೀತು. ಡಾಂಬರ ಕಾಣಾಕತ್ತೈತಿ. ಗಾಲಿಗೆ ಸುತ್ತಿದ್ದ ಸರಪಳಿ ಬಿಚ್ಚೀನಿ, ಬರೇ ರಸ್ತಾದಾಗ ಸರಪಳಿ ಹಾಕೂದು ಬ್ಯಾಡ ಅಂತ ನಿಮ್ಮ ಕಾಯ್ದೆನ ಐತೆಲ್ಲ. ಆದ್ರ ರಸ್ತಾ ಒದ್ದಿ ಕಾಣತೈತಿ. ಇಷ್ಟ ಥಂಡ್ಯಾಗ ಒದ್ದಿ ಹೆಂಗ ಇರತೈತ್ರಿ? ನನಗ್ಯಾಕೋ ಸರಿ ಅನಸವಲ್ದು."

ಲಗಮಪ್ಪ ವಾರಿಜಾಳ ಕಡೆ ನೋಡಿದ. ಅವಳು ಲೆಕ್ಕ ಹಾಕಿ ತಲೆ ಅಲ್ಲಾಡಿಸಿದಳು.

"ಎಲ್ಲಾಗಾಲಿ ಕೊಟ್ರ ನಾಕು ಕಿಲೋಮೀಟರ್ ಕಡಿಮಿ ಬೀಳತದ ಕಾಕಾ. ನಡುದಾರಿಯೊಳಗ ಬ್ಯಾಟರಿ ಕೈ ಕೊಟ್ರ ಕ್ಯಾಬಿನ್ನಿನ ಹೀಟರ್ ಬಂದ್ ಆಗತದ. ಸಹಾಯದ ಗಾಡಿ ಬರಲಿಕ್ಕೆ ಐದು ತಾಸು. ಮೈನಸ್ ಹತ್ತೊಂಬತ್ತರಾಗ ಐದು ತಾಸು ಮನಶ್ಯಾ ಉಳಿಯೂದಿಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ಹಿಂದಿನ ಡಿಸೆಂಬರಿನಲ್ಲಿ ಬೇರೆ ಕಂಪನಿಯ ಒಬ್ಬ ಹಾಗೇ ಸೆಟೆದು ಹೋಗಿದ್ದ. ಅತ್ತ ದರಿ, ಇತ್ತ ಪುಲಿ. ಒಂದು ಕಡೆ ಜಾರುವ ಭಯ, ಇನ್ನೊಂದು ಕಡೆ ಹೆಪ್ಪುಗಟ್ಟುವ ಭಯ. ಲಗಮಪ್ಪನ ಮುಂದೆ ಎರಡು ದಾರಿ ಇದ್ದವು, ಎರಡಕ್ಕೂ ಅಂಕಿ ಇದ್ದವು. ಅಂಕಿಯಿಲ್ಲದ ಒಂದು ಸಂಗತಿ ಅವನಿಗೊಬ್ಬನಿಗೇ ಗೊತ್ತಿತ್ತು. ಅದು ಆಗ ಅವನ ನೆನಪಿಗೂ ಬಂತು. ಬಂದದ್ದನ್ನು ಒಳಗೇ ಅದುಮಿದ. ಹತ್ತು ವರ್ಷ ಏನೂ ಆಗಿಲ್ಲ, ಇವತ್ತೇ ಯಾಕೆ ಆಗುತ್ತದೆ ಅಂದುಕೊಂಡ.

"ಬಸಲಿಂಗಾ, ಎಲ್ಲಾಗಾಲಿ ಆಗಂಗಿಲ್ಲೋ. ನನ್ನ ಮೋಡ್‌ನ್ಯಾಗ ಬಾ. ಸಾವಕಾಶ ಬಾ. ನನ್ನ ಪಾದದ ಮ್ಯಾಲ ಭರೋಸಾ ಇಡು."

ಬಸಲಿಂಗ ಅಂದ, "ನಿಮ್ಮ ಪಾದದ ಮ್ಯಾಲ ಭರೋಸಾ ಐತಿ ಮಾಮಾ. ಆದ್ರ ಅದು ಈ ರಸ್ತಾ ನೋಡಿಲ್ಲ."

ಹತ್ತು ನಲವತ್ತೇಳಕ್ಕೆ ಚುಕ್ಕೆ ಕಡೆಯ ತಿರುವಿಗೆ ಬಂತು. ಅದು ಬೆಟ್ಟದ ನೆರಳಿನ ತಿರುವು. ಡಾಂಬರಿನ ಮೇಲೆ ಗಾಜಿನಷ್ಟು ತೆಳುವಾದ ಮಂಜುಗಡ್ಡೆ ಕೂತಿತ್ತು, ನೋಡಿದರೆ ಬರೀ ಒದ್ದೆ ರಸ್ತೆ. ಪರದೆಯ ಕೆಳಗೆ ಓಡುತ್ತಿದ್ದ ಬಲದ ಗೆರೆ ಸೊನ್ನೆಗೆ ಇಳಿಯಿತು. ನಿಧಾನಕ್ಕೆ ಇಳಿಯಲಿಲ್ಲ, ಯಾರೋ ಕಡ್ಡಿ ಎಳೆದು ಬಿಟ್ಟ ಹಾಗೆ ಒಮ್ಮೆಲೇ ಇಳಿಯಿತು. ಆ ಕೊಠಡಿಯ ಹದಿನೈದು ಜನರಲ್ಲಿ ಆ ಗೆರೆಯ ಅರ್ಥ ಗೊತ್ತಿದ್ದವನು ಒಬ್ಬನೇ.

"ಬಸ್ಯಾ, ಎಕ್ಸಿಲೇಟರ್ ಒತ್ತೋ! ಪಾದ ಒತ್ತು!" ಎಂದು ಲಗಮಪ್ಪ ಕುರ್ಚಿ ಬಿಟ್ಟು ಎದ್ದು ಕೂಗಿದ.

ಲಾರಿ ಕೈಬಿಟ್ಟಾಗ ಯಾವ ಡ್ರೈವರನಾದರೂ ಏನು ಮಾಡುತ್ತಾನೆ? ಬಸಲಿಂಗ ಬ್ರೇಕ್ ಒತ್ತಿದ. ಹದಿನಾರು ಟನ್ ಅಡ್ಡಡ್ಡ ತಿರುಗಿತು. ಹೆಡ್‌ಫೋನಿನಲ್ಲಿ "ಮಾಮಾ, ಬಿಡ್ತು" ಎಂಬ ಎರಡು ಮಾತು ಕೇಳಿತು. ಚುಕ್ಕೆ ರಸ್ತೆಯ ಗೆರೆಯಿಂದ ಆಚೆ ಸರಿದು ಬೂದು ಬಣ್ಣಕ್ಕೆ ತಿರುಗಿತು.

ದೇಹ ನಾಲ್ಕನೆಯ ದಿನ ಬಂತು. ಅದರ ಜೊತೆ ಅವನ ಚೀಲವೂ ಬಂತು. ದಿನ ಕರ್ಮಗಳೆಲ್ಲ ಮುಗಿದ ಮೇಲೆ ಲಕ್ಕವ್ವ ಅಡುಗೆಮನೆಯಲ್ಲಿ ಕೂತು ಚೀಲ ಬಿಚ್ಚಿದಳು. ಬಟ್ಟೆಯ ಗಂಟಿನಲ್ಲಿ ಉಳಿದ ರೊಟ್ಟಿ ಹಾಗೇ ಇದ್ದವು. ಮುನ್ನೂರು ಅಡಿ ಕೆಳಗೆ ಬಿದ್ದ ಲಾರಿಯಲ್ಲಿ ಒಂದೂ ಮುರಿದಿರಲಿಲ್ಲ. ಅವಳು ಒಂದನ್ನು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಅದನ್ನು ನೆಲಕ್ಕೆ ಕುಕ್ಕಿ ಕುಕ್ಕಿ ಪುಡಿ ಮಾಡಿದಳು, ಎರಡನೆಯದನ್ನೂ, ಮೂರನೆಯದನ್ನೂ. ಲಗಮಪ್ಪ ಬಾಗಿಲಲ್ಲಿ ನಿಂತು ನೋಡಿದ, ತಡೆಯಲಿಲ್ಲ.

ಮರುವಾರ ವರದಿಯ ಕರಡು ತಯಾರಾಯಿತು. ಮ್ಯಾನೇಜರ್ ಕೌಜಲಗಿ ಸಾಹೇಬರು ತಮ್ಮ ಕೋಣೆಗೆ ಕರೆದು, ಕುರ್ಚಿ ಹಾಕಿಸಿ, ಓದಿ ಹೇಳಿದರು. 'ಮಿತ ವ್ಯವಸ್ಥೆಯು ತರಬೇತಿಯಂತೆಯೇ ನಡೆದುಕೊಂಡಿದೆ. ಚಾಲಕನು ಗಾಬರಿಯಿಂದ ಬ್ರೇಕ್ ಒತ್ತಿದ್ದೇ ಅಪಘಾತಕ್ಕೆ ಕಾರಣ.'

"ತಮ್ಮ ದುಃಖ ನನಗ ಗೊತ್ತೈತಿ ಲಗಮಪ್ಪ," ಅಂದರು ಸಾಹೇಬರು. "ಆದ್ರ ಮೋಡ್ ತಮ್ಮದು. ಪಾದ ಸರಿಯಾಗೇ ನಡದೈತಿ ಅಂತ ತಾವ್ ಒಂದು ಸಹಿ ಹಾಕಿದ್ರ ವರದಿ ಮುಗೀತೈತಿ. ತಮ್ಮ ಹೆಸರಿಗೂ ಮಸಿ ಹತ್ತಂಗಿಲ್ಲ."

ಲಗಮಪ್ಪ ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡು, ನಾಳೆ ತರುತ್ತೇನೆ ಎಂದು ಎದ್ದು ಬಂದ.

ಮನೆಯಲ್ಲಿ ಲಕ್ಕವ್ವ ಕಾಗದ ಓದಿದಳು. ಎರಡು ಸಲ ಓದಿದಳು.

"ಅಪ್ಪಾ, ನಮ್ಮನಿಯವರು ತಪ್ಪ ಮಾಡಿದ್ರೇನು?"

"ಇಲ್ಲವಾ."

"ಮತ್ತ ಇದ್ರಾಗ ಹಂಗ ಬರದಾರಲ್ಲ. ಸತ್ತ ಮನಶ್ಯಾ ಬಂದು ಇಲ್ಲ ಅನ್ನಂಗಿಲ್ಲಂತ ಬರದಾರೇನು? ನೀ ಅಲ್ಲೇ ಇದ್ದಿ. ಏನಾತು ಹೇಳು."

ಲಗಮಪ್ಪ ಹೇಳಿದ. ಚೋರ್ಲಾದ ಗೇರ್ ಕಡ್ಡಿ, ವಾರಿಜಾ ಕೇಳಿದ್ದು, ತಾನು ಅಂದದ್ದು, ಸೊನ್ನೆಗೆ ಬಿದ್ದ ಗೆರೆ, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅತ್ತ. ಮೂವತ್ತನಾಲ್ಕು ವರ್ಷ ಕಾದ ಮರ್ಯಾದೆ ಬಾಯಿಂದ ಹೊರಬೀಳುವಾಗ ಎಷ್ಟು ಚಿಕ್ಕದಾಗಿತ್ತೆಂದರೆ, ಇದಕ್ಕಾಗಿಯೇ ನಾನು ಇಷ್ಟೆಲ್ಲ ಮಾಡಿದೆನೇ ಎಂದು ಅವನಿಗೆ ಅಸಹ್ಯವಾಯಿತು. ಲಕ್ಕವ್ವ ಅಳಲಿಲ್ಲ. ಗೋಡೆಗೆ ಒರಗಿ ಕೇಳಿಸಿಕೊಂಡಳು.

"ನನ್ ಮುಂದ ಅತ್ರ ಏನ್ ಬಂತು," ಅಂದಳು. "ಅಲ್ಲಿ ಹೋಗಿ ಹೇಳು. ಅವರ ಹೆಸರು ತಗಸು. ಮತ್ತೊಬ್ಬಾಕಿ ಹಿಂಗ ಚೀಲ ಬಿಚ್ಚಬಾರದು."

ಮರುದಿನ ಲಗಮಪ್ಪ ಸಹಿಯಿಲ್ಲದ ಕಾಗದವನ್ನು ಮೇಜಿನ ಮೇಲಿಟ್ಟು ಸಾಹೇಬರಿಗೂ ವಾರಿಜಾಳಿಗೂ ಒಟ್ಟಿಗೇ ಹೇಳಿದ. ವಾರಿಜಾಳ ಮುಖ ಸುಣ್ಣದ ಹಾಗಾಯಿತು.

"ನಾ ಕೇಳಿದ್ದೆ ಕಾಕಾ," ಅಂದಳು. "ಅವತ್ತು ಬಾಯಿಬಿಟ್ಟು ಕೇಳಿದ್ದೆ. ಹೌದು ಅಂದಿದ್ರ ಅಷ್ಟು ಭಾಗ ಅಳಿಸಿ ಹಾಕ್ತಿದ್ದೆ. ಅರ್ಧ ತಾಸಿನ ಕೆಲಸ ಆಗಿತ್ತು."

"ತಪ್ಪಾತ್ರಿ ಬಾಯಾರ."

"ನಿಮ್ಮದಷ್ಟ ಅಲ್ಲ ಬಿಡ್ರಿ. ಅಷ್ಟು ಚಂದ ಗೆರಿ ಎಲ್ಲಿಂದ ಬಂತು ಅಂತ ನಾನೂ ಮತ್ತ ಕೇಳಲಿಲ್ಲ. ಅದನ್ನ ತೋರಿಸೇ ನಾ ಈ ಕುರ್ಚಿಗೆ ಬಂದೆ."

ಅವಳು ಅಲ್ಲೇ ಕೂತು ಬಸಲಿಂಗನ ಇಳಿಜಾರನ್ನು ಕಂಪ್ಯೂಟರಿನಲ್ಲಿ ಮತ್ತೆ ಓಡಿಸಿದಳು, ಉರುಳುವ ಬುದ್ಧಿಯನ್ನು ತೆಗೆದು. ಚುಕ್ಕೆ ತಿರುವು ದಾಟಿತು, ಕಣಿವೆಗಿಳಿಯಿತು, ನಿಲ್ದಾಣ ಮುಟ್ಟಿತು. ಬ್ಯಾಟರಿಯಲ್ಲಿ ಇನ್ನೂ ನೂರಕ್ಕೆ ಒಂದು ಪಾಲು ಉಳಿದಿತ್ತು. ಎಲ್ಲಾಗಾಲಿಯೂ ಬೇಕಿರಲಿಲ್ಲ. ಲಗಮಪ್ಪ ಪರದೆಯ ಮೇಲಿನ ಆ ಹಸಿರು ಚುಕ್ಕೆಯನ್ನು, ಬದುಕಿದ ಬಸಲಿಂಗನನ್ನು, ಕಣ್ಣು ತುಂಬ ನೋಡಿದ.

"ಇದನ್ನ ಇವತ್ತ ತಗೀಬೇಕ್ರಿ ಸರ್," ಅಂದಳು ವಾರಿಜಾ.

ಸಾಹೇಬರು ಕನ್ನಡಕ ಒರೆಸಿದರು. "ತಗದ್ರ ಎಷ್ಟು ಹೋಗತೈತಿ?"

"ಒಂದು ಇಳಿಜಾರಿಗೆ ನೂರಕ್ಕ ಮೂರು."

"ಅಂದ್ರ ನಾಲ್ಕುನೂರು ಲಾರಿಗೂ ನೂರಕ್ಕ ಮೂರು. ನಡುವ ಮತ್ತೊಂದು ಚಾರ್ಜಿಂಗ್ ನಿಲ್ದಾಣ ಬೇಕಾಗತೈತಿ. ಗುತ್ತಿಗಿ ಹಿಡದದ್ದ ಈ ಮೂರರ ಮ್ಯಾಲ. ಥಂಡಿಗಾಲ ಮುಗೀಲಿ, ನೋಡೋಣಂತ." ಆಮೇಲೆ ಲಗಮಪ್ಪನ ಕಡೆ ತಿರುಗಿ ಬಹಳ ಮೃದುವಾಗಿ ಅಂದರು, "ತಾವ್ ಖರೇ ಹೇಳಿದ್ದು ಭಾಳ ಚಲೋ ಆತು."

ಯಾರಿಗೆ ಚಲೋ ಆಯಿತು ಎಂಬುದು ಹದಿನೈದು ದಿನಕ್ಕೆ ತಿಳಿಯಿತು. ವರದಿಯಲ್ಲಿ ಬಸಲಿಂಗನ ಹೆಸರು ಹಾಗೇ ಉಳಿಯಿತು: ಗಾಬರಿಯಿಂದ ಬ್ರೇಕ್ ಒತ್ತಿದವನು. ಕೆಳಗೆ ಇನ್ನೊಂದು ಸಾಲು ಸೇರಿತು: ತರಬೇತಿ ಚಾಲಕ ಲಗಮಪ್ಪನು ನಿಷಿದ್ಧ ಪದ್ಧತಿಯನ್ನು ಮುಚ್ಚಿಟ್ಟು ಕಂಪನಿಗೆ ಮೋಸ ಮಾಡಿರುತ್ತಾನೆ. ಒಬ್ಬ ಸತ್ತವನು, ಒಬ್ಬ ಸುಳ್ಳ, ನಡುವೆ ಕಂಪನಿ ಮಡಿಯುಟ್ಟುಕೊಂಡು ನಿಂತಿತು. ಲಗಮಪ್ಪನ ಕುರ್ಚಿ ಹೋಯಿತು. ಉರುಳುವ ಬುದ್ಧಿಯನ್ನು ತೆಗೆಯಿರೆಂದು ವಾರಿಜಾ ಎರಡು ಪತ್ರ ಬರೆದಳು, ಮೂರನೆಯದಕ್ಕೆ ಅವಳನ್ನು ಗೋದಾಮಿನ ವಿಭಾಗಕ್ಕೆ ಹಾಕಿದರು. ಲಾರಿಗಳಲ್ಲಿ ಮಿತ ಎಂಬ ಹೆಸರು ಅಳಿಸಿ 'ಹಿಮಮಿತ್ರ' ಎಂದು ಬರೆದರು. ಪಾದ ಮಾತ್ರ ಅದೇ.

ಲಗಮಪ್ಪ ಶಾಲುಗಳನ್ನು ಹಿಂದಿರುಗಿಸಲು ಹೋದ. ಕಂಪನಿಯ ಗೇಟಿನವನು, ಇದಕ್ಕೆ ಯಾವ ರಶೀದಿಯೂ ಇಲ್ಲ, ತಗೊಳ್ಳುವುದಿಲ್ಲ ಅಂದ. ತಿರುಗಿ ತಂದು ಟ್ರಂಕಿಗೆ ಹಾಕಿದ, ನುಸಿಗುಳಿಗೆ ಹಾಕಲಿಲ್ಲ.

ಒಂದು ಬೆಳಿಗ್ಗೆ ಫೋನು ಬಂತು. ತಾರ್ಸಿಂಗ್ ಲಾ ಮೇಲಿಂದ ಹುಕ್ಕೇರಿಯ ಒಬ್ಬ ಡ್ರೈವರ್.

"ಕಾಕಾ, ಹೆಸರ ಬದಲ ಮಾಡ್ಯಾರ, ಕಾಲು ನಿಮ್ದ ಐತಿ. ಅದು ಎಲ್ಲಿ ಕೈ ಬಿಡತೈತಿ, ಏನ್ ಮಾಡಬೇಕು, ಅಷ್ಟ ಹೇಳ್ರಿ."

ಲಗಮಪ್ಪ ಹೇಳಿದ. ಕಡೆಯ ತಿರುವಿಗೆ ಐವತ್ತು ಗಜ ಮೊದಲೇ ಎಕ್ಸಿಲೇಟರ್ ಮೇಲಿನ ಪಾದವನ್ನು ಒಂದು ಕೂದಲಷ್ಟು ಒತ್ತಿ ಹಿಡಿ. ಡ್ರೈವರಿಗೆ ಬಲ ಬೇಕಾಗಿದೆ ಅಂದುಕೊಂಡು ಯಂತ್ರ ಮೋಟಾರು ಬಿಡುವುದಿಲ್ಲ. ಆ ಡ್ರೈವರ್ ತಿರುವು ದಾಟಿ ಮತ್ತೆ ಫೋನು ಮಾಡಿದ. ಅವನು ಇನ್ನೊಬ್ಬನಿಗೆ ಹೇಳಿದ, ಇನ್ನೊಬ್ಬ ಮತ್ತೊಬ್ಬನಿಗೆ. ಹಾಗೆ ಒತ್ತಿದವರ ಹೆಸರಿಗೆಲ್ಲ ಕಂಪನಿ ಕೆಂಪು ಚುಕ್ಕೆ ಇಡುತ್ತಿತ್ತು, ದುಂದುಗಾರರೆಂದು. ಆದರೂ ಕೇಳುವವರು ನಿಲ್ಲಲಿಲ್ಲ. ಹೊಸಬರು ಯಾಕೆ ಹಾಗೆ ಎಂದು ಕೇಳಿದರೆ ಲಗಮಪ್ಪ ಮುಚ್ಚುಮರೆಯಿಲ್ಲದೆ, "ನಾ ನ್ಯೂಟ್ರಲ್ ಮಾಡ್ತಿದ್ದೆ ತಮ್ಮಾ" ಅನ್ನುತ್ತಿದ್ದ. ಎಷ್ಟು ಜನರ ಮುಂದೆ ಅಂದನೋ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಫೋನು ಅಡುಗೆಮನೆಯ ಗೂಡಿನಲ್ಲಿ ಚಾರ್ಜಿಗೆ ಇರುತ್ತಿತ್ತು. ಲಕ್ಕವ್ವ ಅಪ್ಪನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು: ಊಟ ಆತು, ನೀರು ಬಂತು, ಲಾರಿಯವರ ಫೋನು. ಇನ್ನೊಂದು ಬೆಳಿಗ್ಗೆ ಹಿಟ್ಟಿನ ಕೈಯಲ್ಲೇ ಫೋನು ತೆಗೆದು ಕೊಟ್ಟು, ತಿರುಗಿ ರೊಟ್ಟಿ ಬಡಿಯಲು ಕೂತಳು. ಆ ಕಡೆ ಯಾರೋ ಎಳೆಯ ದನಿಯವನು, ಮೊದಲ ಸಲ ಹೋದವನು, ಭಯಪಟ್ಟಿದ್ದ.

"ಅಂಜಬ್ಯಾಡ," ಅಂದ ಲಗಮಪ್ಪ. "ಕಡೀ ತಿರುವಿಗೆ ಅದು ನ್ಯೂಟ್ರಲ್ ಮಾಡತೈತಿ. ಪಾದ ಎತ್ತಬ್ಯಾಡ, ತುಸು ಒತ್ತಿ ಹಿಡಿ. ಬ್ರೇಕ್ ಮುಟ್ಟಬ್ಯಾಡ."

ಹುಡುಗ ತಿರುವು ದಾಟುವ ತನಕ ಲಗಮಪ್ಪ ಫೋನು ಕಿವಿಗೆ ಹಿಡಿದೇ ನಿಂತ. ಬರಿಗಾಲಿನ ಹೆಬ್ಬೆರಳು ಅಡುಗೆಮನೆಯ ಕಲ್ಲನ್ನು ಒತ್ತಿ ಹಿಡಿದಿತ್ತು. "ದಾಟಿದೆ ಕಾಕಾ" ಎಂಬ ದನಿ ಬಂದ ಮೇಲೆ ಫೋನು ಗೂಡಿನಲ್ಲಿಟ್ಟ.

ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಲಕ್ಕವ್ವ ಕೈಯನ್ನು ಹಿಟ್ಟಿನ ಮೇಲೆ ಹಾಗೇ ಇಟ್ಟುಕೊಂಡು ಅಪ್ಪನನ್ನು ನೋಡುತ್ತಿದ್ದಳು. ಎರಡು ತಿಂಗಳಲ್ಲಿ ಅವಳು ಅವನ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು.

"ಇಷ್ಟ ಮಾತೇನಪಾ?" ಅಂದಳು. "ನಾಕ ಮಾತು. ಅವತ್ತ ಅವರು ಇಲ್ಲೇ, ನೀ ಈಗ ನಿಂತ ಜಾಗಾದಾಗ ನಿಂತು ಕೇಳ್ಯಾರ."

ಲಗಮಪ್ಪ ಕಾಲ ಕೆಳಗಿನ ಕಲ್ಲನ್ನು ನೋಡಿದ. ಅಲ್ಲಿಂದ ಸರಿಯಬೇಕೆನ್ನಿಸಿತು, ಸರಿಯಲು ಕಾಲು ಬರಲಿಲ್ಲ. ಲಕ್ಕವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.